ಕೊಡಲಿ ಕಾವಿನ ದಂತ

ಆ ವರ್ಷ ನದಿ ಬದಿಯ ಹನ್ನೊಂದು ಹಳ್ಳಿಗಳಿಗೆ ಸೇರಿ ಸಿಕ್ಕಿದ್ದು ಒಂದೇ ಒಂದು ಆನೆ ಹೊಡೆಯುವ ಪರವಾನಗಿ. ಅದು ಯಾವ ಆನೆಗೆ ಖರ್ಚಾಗಬೇಕು ಅನ್ನುವುದರಲ್ಲಿ ತರುವಿಂಗನಿಗೆ ಎರಡನೇ ಮಾತೇ ಇರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಅವನ ಹೆಂಡತಿ ಮಾಯಿದೇಯಿ ನದಿಯಿಂದ ನೀರು ಹೊತ್ತು ಬರುತ್ತಿದ್ದಾಗ ಅವಳನ್ನು ತುಳಿದು ಕೊಂದ ಸಲಗ ಇನ್ನೂ ಅದೇ ಕಾಡಿನಲ್ಲಿ ಹಾಯಾಗಿ ಮೇಯುತ್ತಿತ್ತು. ಅದರ ಹಿಂದಿನ ಎಡಗಾಲಿಗೆ ಯಾರೋ ಒಡ್ಡಿದ ತಂತಿಯ ಉರುಳು ಕಚ್ಚಿ ಅಂಗಾಲು ಅಡ್ಡಕ್ಕೆ ಸೀಳಿತ್ತು. ಉರುಳು ಒಡ್ಡಿದ್ದು ಯಾರೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂದರೆ ಎಲ್ಲರಿಗೂ ಗೊತ್ತಿತ್ತು. ಬಲಗಡೆಯ ದಂತ ಬುಡದಲ್ಲೇ ಮುರಿದುಹೋಗಿತ್ತು. ಎಡದ ದಂತವೂ ಹೇಳಿಕೊಳ್ಳುವಂಥದ್ದೇನಲ್ಲ.

ಮಣ್ಣು ಮಾಡಿದ ಮೂರನೆಯ ದಿನವೇ ಊರ ಯಜಮಾನ ಚಿವೇಶೆ ಜನರನ್ನು ಕಟ್ಟಿಕೊಂಡು ಬೇಟೆಯ ಪರವಾನಗಿ ಕೊಡುವ ಕಚೇರಿಗೆ ಹೋಗಿದ್ದ. ಅಲ್ಲಿಯವರು ಕುರ್ಚಿ ಹಾಕಿ ಕೂರಿಸಿ ನಯವಾಗಿಯೇ ಮಾತಾಡಿದರು.

"ಹೊಡೆಯೋಣಂತೆ, ಯಾರು ಬೇಡ ಅಂದ್ರು? ಆದ್ರೆ ಈಗ ಸರ್ಕಾರದ ಗುಂಡಲ್ಲಿ ಹೊಡೆದ್ರೆ ನಿಮಗೇನು ಬಂತು? ಆಗಸ್ಟಲ್ಲಿ ಅಮೆರಿಕದಿಂದ ಬೇಟೆಗೆ ಅತಿಥಿ ಬರ್ತಾನೆ. ಅವನ ಕೈಲೇ ಹೊಡೆಸೋಣ. ಅವನು ಕೊಡೋ ದುಡ್ಡಲ್ಲಿ ಶಾಲೆ ಮಾಡಿಗೆ ತಗಡಾಗುತ್ತೆ, ಊರಿಗೆ ಮಾಂಸ ಆಗುತ್ತೆ. ಅಲ್ಲೀತನಕ ನದಿ ದಾರೀಲಿ ಮಾತ್ರ ಓಡಾಡ್ಬೇಡಿ."

ಕೊಲೆಗಾರನನ್ನು ನೆಂಟರು ಬರುವವರೆಗೆ ಕೋಳಿಯ ಹಾಗೆ ಸಾಕಿಕೊಳ್ಳಿ ಅಂದಂತಾಯಿತು. ಊರಿನ ಹೆಂಗಸರು ನಾಲ್ಕು ತಿಂಗಳು ಗುಡ್ಡ ಬಳಸಿ, ಹೋಗಿ ಬರಲು ಅರ್ಧ ದಿನ ಕಳೆದು, ಶಾಲೆಯ ಬೋರ್‌ವೆಲ್ಲಿನಿಂದ ನೀರು ತಂದರು. ತರುವಿಂಗ ಕಾದ. ಅವನಿಗೆ ಕಾಯುವುದು ಹೊಸದಲ್ಲ. ಮೂವತ್ತು ವರ್ಷದಿಂದ ಬೇಟೆಗೆ ಬಂದವರ ಮುಂದೆ ನಡೆದು ಪ್ರಾಣಿಗಳ ಜಾಡು ಹಿಡಿದು ತೋರಿಸುವುದೇ ಅವನ ಕಸುಬು. ನೆಲದ ವಿಷಯದಲ್ಲಿ ಅವನು ಹೇಳಿದ್ದೇ ಮಾತು. ಕಳುವಾದ ದನದ ಗೊರಸಿನ ಗುರುತನ್ನು ನೋಡಿ ಅವನು ಒಮ್ಮೆ ಹೇಳಿದ ಕಳ್ಳನ ಹೆಸರನ್ನು ಪೊಲೀಸರೂ ತಿದ್ದಿರಲಿಲ್ಲ.

ಇನ್ನೊಂದು ವಿಷಯವಿತ್ತು. ತರುವಿಂಗ ಆನೆ ಬೆಡಗಿನವನು, ಆನೆಯನ್ನೇ ಕುಲದ ಗುರುತಾಗಿ ಉಳ್ಳ ವಂಶದವನು. ಆ ಬೆಡಗಿನವರು ಆನೆಯನ್ನು ಕೊಲ್ಲುವಂತಿಲ್ಲ, ಅದರ ಮಾಂಸವನ್ನು ಬಾಯಿಗಿಡುವಂತಿಲ್ಲ. "ನಾನು ಹೆಜ್ಜೆ ತೋರಿಸ್ತೀನಿ ಅಷ್ಟೇ, ಕೋವಿ ಅವರದ್ದು" ಎಂದು ಹೇಳಿಕೊಂಡೇ ಅವನು ಇಷ್ಟು ವರ್ಷ ದಾಟಿಸಿದ್ದ. ಮಾಯಿದೇಯಿ ಸತ್ತ ಮೇಲೆ ಊರಿನ ಬಾಯಿಗಳು ಸುಮ್ಮನಿರಲಿಲ್ಲ. "ಬೇರೆ ಯಾರೂ ಅಲ್ಲ, ಅವನ ನೆಂಟನೇ ಬಂದು ಕರ್ಕೊಂಡು ಹೋದ" ಎಂದು ನಗುವವರೂ ಇದ್ದರು. ಅಂಥ ನಗುವಿಗೆ ಉತ್ತರ ಕೊಡುವುದನ್ನು ಅವನು ಆಗಸ್ಟಿಗೆ ಇಟ್ಟುಕೊಂಡ.

ಆಗಸ್ಟ್ ಬಂತು, ಅತಿಥಿಯೂ ಬಂದ. ಹೆಸರು ಡೆಲ್ಮರ್, ಟ್ರ್ಯಾಕ್ಟರ್ ಮಾರುವವನು, ಒಳ್ಳೆಯ ಮನುಷ್ಯ. ಎಲ್ಲರ ಕೈ ಕುಲುಕಿದ, ತನ್ನ ಮೊಮ್ಮಕ್ಕಳ ಫೋಟೋ ತೋರಿಸಿದ. ಅವನಿಗೆ ಬೇಕಿದ್ದದ್ದು ಒಂದೇ: ಒಂದೊಂದೂ ಅರವತ್ತು ಪೌಂಡು ತೂಗುವ ಜೋಡಿ ದಂತ. ಮನೆಯಲ್ಲಿ ಬೆಂಕಿಗೂಡಿನ ಎರಡೂ ಪಕ್ಕ ಜಾಗ ಬಿಟ್ಟು ಗೋಡೆ ಕಟ್ಟಿಸಿ ಬಂದಿದ್ದನಂತೆ.

ಬೇಟೆ ನಡೆಸುವ ಗ್ಯಾರಿಕ್ ಇಲ್ಲೇ ಹುಟ್ಟಿ ಬೆಳೆದ ಬಿಳಿಯ. ನಮ್ಮ ಭಾಷೆಯಲ್ಲಿ ನಮಗಿಂತ ಚೆನ್ನಾಗಿ ಬೈಯಬಲ್ಲವನು. ಮೊದಲ ದಿನ ಬೆಳಗ್ಗೆ ನೀರಿನ ಹೊಂಡದ ಬಳಿ ಜೀಪು ನಿಲ್ಲಿಸಿ, "ನೋಡು ತರುವಿಂಗ, ದೊಡ್ಡದಿರ್ಬೇಕು" ಅಂದ.

ಹೊಂಡದ ಕೆಸರಿನಲ್ಲಿ ಎರಡು ಸಲಗಗಳ ಹೆಜ್ಜೆ ಇದ್ದವು. ಒಂದು ಅಗಲವಾದ, ಮುದಿ, ಸವೆದ ಹೆಜ್ಜೆ. ಅದು ಉತ್ತರಕ್ಕೆ ಹೋಗಿತ್ತು. ಇನ್ನೊಂದು ಪೂರ್ವಕ್ಕೆ. ಅದರ ಹಿಂಗಾಲಿನ ಗುರುತಿನಲ್ಲಿ ಅಡ್ಡಕ್ಕೆ ಸೀಳು. ನಾಲ್ಕು ತಿಂಗಳ ಹಿಂದೆ ನದಿ ದಾರಿಯಲ್ಲಿ, ಒಡೆದ ಬಿಂದಿಗೆಯ ಪಕ್ಕದಲ್ಲಿ, ಇದೇ ಸೀಳನ್ನು ತರುವಿಂಗ ಮಂಡಿಯೂರಿ ನೋಡಿದ್ದ.

"ಪೂರ್ವಕ್ಕೆ, ಬಾಸ್. ಇದೇ ದೊಡ್ಡದು."

ಗ್ಯಾರಿಕ್ ಬಗ್ಗಿ ನೋಡಿದ. "ಇದು ಆ ಕೊಲೆಗಡುಕನ ಕಾಲಲ್ವಾ? ಊರವರು ಒಂಟಿ ದಂತ ಅಂತಿದ್ರಲ್ಲೋ."

"ಪ್ರಾಣ ಕೈಲಿ ಹಿಡ್ಕೊಂಡು ಓಡಿದವ್ರು ದಂತ ಎಣಿಸ್ತಾರಾ ಬಾಸ್? ನಾನು ನೋಡಿದೀನಿ. ಎರಡೂ ನೆಲ ಮುಟ್ತವೆ."

ಮೂವತ್ತು ವರ್ಷದಲ್ಲಿ ಹೆಜ್ಜೆಯ ಮುಂದೆ ನಿಂತು ಅವನು ಆಡಿದ ಮೊದಲ ಸುಳ್ಳು ಅದು. ಒಮ್ಮೆ ಆಡಿದ ಮೇಲೆ ಎರಡನೆಯದು ತಾನಾಗಿ ಬಂತು. ಎರಡು ಗಂಟೆಯ ದಾರಿಯ ನಂತರ ಒಂದು ದೊಡ್ಡ ಹುತ್ತ ಸಿಕ್ಕಿತು. ಸಲಗ ಅಲ್ಲಿ ನಿಂತು, ದಂತವನ್ನು ಹುತ್ತದ ಮೇಲೆ ಊರಿ ತೂಕಡಿಸಿತ್ತು. ಆನೆ ಕಣ್ಣಿಗೆ ಬೀಳುವ ಮೊದಲೇ ದಂತದ ಅಳತೆ ಸಿಗುವುದು ಇಂಥ ಕಡೆಯೇ. ಗ್ಯಾರಿಕ್ ಇದನ್ನು ನೋಡದೆ ಮುಂದೆ ಹೋಗುವವನಲ್ಲ. ಹುತ್ತದ ಮಣ್ಣಿನಲ್ಲಿ ಇದ್ದದ್ದು ಒಂದೇ ಗುಳಿ, ಅದೂ ಸಣ್ಣದು. ಗ್ಯಾರಿಕ್ ಮತ್ತು ಡೆಲ್ಮರ್ ಇನ್ನೂ ನೂರು ಹೆಜ್ಜೆ ಹಿಂದಿದ್ದರು. ತರುವಿಂಗ ಹೆಗಲ ಮೇಲಿದ್ದ ಕೊಡಲಿ ಇಳಿಸಿ, ಅದರ ಮರದ ಕಾವನ್ನು ಗುಳಿಗೆ ಒತ್ತಿ ತಿರುವಿ ಅಗಲ ಮಾಡಿದ. ಪಕ್ಕದಲ್ಲಿ, ಸರಿಯಾದ ಅಂತರದಲ್ಲಿ, ಇನ್ನೊಂದನ್ನು ಒತ್ತಿದ. ಬಾಯಿಯಿಂದ ಊದಿ ಪುಡಿ ಹಾರಿಸಿದ.

ಗ್ಯಾರಿಕ್ ಬಂದು ಗುಳಿಯಲ್ಲಿ ಮುಷ್ಟಿ ಇಟ್ಟು ನೋಡಿದ. ಮುಖ ಅರಳಿತು. "ಅರವತ್ತಕ್ಕೆ ಮೋಸ ಇಲ್ಲ" ಎಂದು ಡೆಲ್ಮರನಿಗೆ ಇಂಗ್ಲಿಷಿನಲ್ಲಿ ಹೇಳಿದ. ಡೆಲ್ಮರ್ ಕೊಡಲಿ ಕಾವಿನ ಗುಳಿಯ ಫೋಟೋ ತೆಗೆದುಕೊಂಡ.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಸಲಗ ಸಿಕ್ಕಿತು. ಮೊಪಾನೆ ಮರಗಳ ನಡುವೆ, ನಲವತ್ತು ಹೆಜ್ಜೆ ದೂರದಲ್ಲಿ, ಕಿವಿ ಬೀಸುತ್ತ ಅಡ್ಡ ನಿಂತಿತ್ತು. ಗಾಳಿ ಅವರ ಕಡೆಗೇ ಬೀಸುತ್ತಿತ್ತು. ಇದಕ್ಕಿಂತ ಒಳ್ಳೆಯ ಗುರಿ ದೇವರು ಬಂದರೂ ಕೊಡಲಾರ. ಡೆಲ್ಮರ್ ಕೋವಿ ಎತ್ತಿದ. ಅಷ್ಟರಲ್ಲಿ ಅದು ತಲೆ ತಿರುಗಿಸಿತು; ಮುರಿದ ದಂತ ಕಂಡಿತು.

ಡೆಲ್ಮರ್ ಕೋವಿ ಇಳಿಸಿದ. ಏನೋ ಪಿಸುಗುಟ್ಟಿದ. ಅರ್ಧ ಆನೆಗೆ ತಾನು ಇಷ್ಟು ದೂರ ಬಂದಿಲ್ಲ ಅನ್ನುವುದು ಅದರ ಸಾರಾಂಶ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯಲ್ಲಿ ಬಟ್ಟೆ ಹಿಡಿಸದೆ ಕೆಳಗಿಡುವವರ ಸೌಜನ್ಯವಿತ್ತು.

"ಬಾಸ್," ತರುವಿಂಗ ಗ್ಯಾರಿಕ್‌ನ ತೋಳು ಹಿಡಿದ. "ನಿಮ್ ದಮ್ಮಯ್ಯ. ಇದೇ ಹೊಡೆಸ್ಬಿಡಿ. ಇದು ಮಾಯಿದೇಯಿನ ಕೊಂದಿದ್ದು."

"ನಂಗೊತ್ತಿಲ್ವಾ? ಅವನು ದುಡ್ಡು ಕೊಟ್ಟಿರೋದು ದಂತಕ್ಕೆ, ನಿನ್ನ ಹೆಂಡ್ತಿಗಲ್ಲ. ಕೈ ತೆಗಿ."

ಕೈ ತೆಗೆದ. ಆಗ ತಲೆಗೆ ಹೊಳೆದದ್ದು ಒಂದೇ ದಾರಿ. ಆನೆ ಮೇಲೆ ಬಿದ್ದರೆ ಗ್ಯಾರಿಕ್ ಹೊಡೆಯಲೇಬೇಕು. ಪ್ರಾಣ ಉಳಿಸಲು ಹೊಡೆದದ್ದಕ್ಕೆ ಪರವಾನಗಿ ಬೇಕಿಲ್ಲ, ದಂತದ ಲೆಕ್ಕವೂ ಇಲ್ಲ. ತರುವಿಂಗ ಮರದ ಮರೆಯಿಂದ ಬಯಲಿಗೆ ನಡೆದ. ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದ.

"ಬಾರೋ! ಬಾ! ನೀರು ಹೊತ್ತ ಹೆಂಗಸಿನ ಮೇಲೆ ಬಂದೆಯಲ್ಲ, ಈಗ ಬಾ!"

ಸಲಗ ಕಿವಿ ಅಗಲಿಸಿತು. ನಾಲ್ಕು ಹೆಜ್ಜೆ ಮುಂದೆ ಬಂತು. ಹಿಂದೆ ಗ್ಯಾರಿಕ್‌ನ ಕೋವಿಯ ಕೀಲು ಸರಿದ ಸದ್ದು ಕೇಳಿ ತರುವಿಂಗ ಕಣ್ಣು ಮುಚ್ಚಿಕೊಂಡ. ಸಾಯುತ್ತೇನೆಂಬ ಹೆದರಿಕೆಯೂ ಅವನಿಗೆ ಆಗಲಿಲ್ಲ. ಕಣ್ಣು ತೆರೆದಾಗ ಸಲಗ ಸೊಂಡಿಲು ಎತ್ತಿ ಅವನ ವಾಸನೆ ಹಿಡಿಯುತ್ತಿತ್ತು. ಆಮೇಲೆ ಅದು, ಇವನಿಂದ ತನಗೇನೂ ಆಗಬೇಕಿಲ್ಲ ಅನ್ನುವ ಹಾಗೆ, ಮೈ ತಿರುಗಿಸಿ ಕುಂಟುತ್ತ ಮರಗಳ ಹಿಂದೆ ಹೋಯಿತು. ತಂಟೆಗೆ ಹೋಗದ ಹೆಂಗಸನ್ನು ತುಳಿದದ್ದು, ಕೂಗಿ ಕರೆದ ಗಂಡಸನ್ನು ಮೂಸಿ ಬಿಟ್ಟುಹೋಯಿತು. ತರುವಿಂಗ ಅಲ್ಲೇ ಕುಕ್ಕರಿಸಿ ಕುಳಿತು ಅತ್ತ.

ಗ್ಯಾರಿಕ್ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಎಬ್ಬಿಸಿದ. "ಆ ಗುಳಿ ನೀನೇ ಮಾಡಿದ್ದು. ಎರಡೂ ಒಂದೇ ಅಚ್ಚಲ್ಲಿತ್ತು. ಯಾವ ಆನೆಗೆ ಎರಡೂ ದಂತ ಒಂದೇ ಸಮ ಸವೆದಿರ್ತವೆ? ನನ್ನ ಬುದ್ಧಿಗೇ ಮಣ್ಣು ಬಿದ್ದಿತ್ತು."

ಮೂರನೆಯ ದಿನ ಡೆಲ್ಮರ್ ಉತ್ತರಕ್ಕೆ ಹೋಗಿದ್ದ ಮುದಿ ಸಲಗವನ್ನು ಹೊಡೆದ. ಜಾಡು ಹಿಡಿದವನು ತರುವಿಂಗನೇ; ಬೇರೆ ಏನು ಮಾಡಿಯಾನು? ಮಕ್ಕಳು ಶಾಲೆಗೆ ಹೋಗುವ ದಾರಿಯ ಹುಣಸೆಮರಗಳ ಕೆಳಗೆ ಉದುರಿದ ಹಣ್ಣು ಹೆಕ್ಕಿ ತಿನ್ನುತ್ತಿದ್ದ ಆನೆ ಅದು. ಒಬ್ಬರ ಹೊಲಕ್ಕೂ ಕಾಲಿಟ್ಟಿರಲಿಲ್ಲ. ಹುಡುಗರು ಅದನ್ನು ಅಜ್ಜ ಅನ್ನುತ್ತಿದ್ದರು. ಒಂದು ದಂತ ಅರವತ್ತೆರಡು ಪೌಂಡು ತೂಗಿತು, ಇನ್ನೊಂದು ಅರವತ್ತು. ಡೆಲ್ಮರ್ ಅದರ ಹಣೆ ಮುಟ್ಟಿ ಕಣ್ಣೀರು ಒರೆಸಿಕೊಂಡ. ಅದಕ್ಕೂ ಫೋಟೋ ತೆಗೆದರು. ದಂತದ ಸಮೇತ ತಲೆ ಶಿಬಿರಕ್ಕೆ ಹೋಯಿತು. ಕೂರುವ ಪೀಠ ಮಾಡಿಸಿಕೊಳ್ಳಲು ನಾಲ್ಕೂ ಪಾದ ಕತ್ತರಿಸಿ ಉಪ್ಪು ಸವರಿ ಕಟ್ಟಿದರು.

ಮಾಂಸ ಹಂಚುವ ಜಾಗಕ್ಕೆ ಹೋಗುವಾಗ ಜೀಪಿನಲ್ಲಿ ಗ್ಯಾರಿಕ್ ಕಾಗದವೊಂದನ್ನು ತೋರಿಸಿದ. "ಊರಿಗೆ ಕಾಟ ಕೊಡ್ತಿದ್ದ ಆನೆ ಹೋಯ್ತು ಅಂತ ಬರೆದಿದೀನಿ. ನೀನೂ ಹಂಗೇ ಹೇಳ್ತೀಯ. ನಾನು ಆ ಕೊಡಲಿ ವಿಷಯ ಮರೀತೀನಿ. ಆಯ್ತಾ?"

"ಆಯ್ತು ಬಾಸ್" ಅಂದ ತರುವಿಂಗ. ಹೇಳುವುದೆಂದೇ ಅಂದುಕೊಂಡಿದ್ದ.

ಹನ್ನೊಂದು ಹಳ್ಳಿಯೂ ಅಲ್ಲಿತ್ತು. ಚಾಕು, ಬೋಗುಣಿ, ಗೋಣಿಚೀಲ, ನಗು. ಯಜಮಾನ ಚಿವೇಶೆ ಮುಂಡದ ಪಕ್ಕ ನಿಂತು ಪಾಲು ಹೇಳುತ್ತಿದ್ದ. ತರುವಿಂಗನನ್ನು ಕಂಡು, "ಬಂದ ನೋಡಪ್ಪ, ತನಗೆ ದಕ್ಕದ ಬಾಡೂಟಕ್ಕೆ ದಾರಿ ತೋರಿಸಿದವ್ನು! ನಿನ್ ಪಾಲು ನಂಗಿರ್ಲಿ" ಎಂದು ಗೇಲಿ ಮಾಡಿದ. ಊರಿಗೆಲ್ಲ ಹಬ್ಬ. ಜೀವ ತೆತ್ತ ಮನೆಗೆ ಮಾತ್ರ ಒಂದು ತುಂಡೂ ಇಲ್ಲ. ತಾಯಿಯಿಲ್ಲದ ಅವನ ಮಕ್ಕಳೂ ಆನೆ ಬೆಡಗಿನವರೇ ತಾನೇ.

ಜನ ದಾರಿ ಬಿಟ್ಟರು. ಮಾಯಿದೇಯಿಯ ತಾಯಿ ಬಂದಳು. ಅವಳ ಹಿಂದೆ ಮಾಯಿದೇಯಿಯ ತಂಗಿ ನ್ಯಾರಾಯಿ, ಖಾಲಿ ಬಕೆಟ್ಟು ಹಿಡಿದು. ತರುವಿಂಗ ಕ್ರಮದಂತೆ ನೆಲದಲ್ಲಿ ಕುಳಿತು, ಅಂಗೈ ಬಟ್ಟಲು ಮಾಡಿ ಮೆಲ್ಲಗೆ ತಟ್ಟಿ ನಮಸ್ಕರಿಸಿದ. ಅತ್ತೆಯನ್ನು ಅಂಬುಯಾ ಅನ್ನಬೇಕು, ಮುಖ ನೋಡುವಂತಿಲ್ಲ. ಅವಳ ಒಡೆದ ಹಿಮ್ಮಡಿ ನೋಡುತ್ತ ಕುಳಿತ.

"ಅಳಿಯಂದ್ರೇ, ಯಜಮಾನ್ರು ಇದೇ ಅಂತಾರೆ. ಕಾಗದಾನೂ ಇದೇ ಅಂತಂತೆ. ನಂಗೆ ಕಾಗದ ಬರಲ್ಲ. ಪಾದ ನೋಡೋಣ ಅಂದ್ರೆ ಪಾದಾನೂ ಇಲ್ಲ. ನೀವು ಹೇಳಿ. ನೀವು ಹೂಂ ಅಂದ್ರೆ ನಾಳೆಯಿಂದ ಇವಳನ್ನ ನದಿ ದಾರೀಲಿ ಕಳಿಸ್ತೀನಿ. ಗುಡ್ಡ ಹತ್ತಿ ಇಳಿದು ನನ್ ಮಂಡಿ ಸತ್ತೋಗಿದೆ."

ಅವಳು ಇಷ್ಟು ಮಾತು ಅವನೊಂದಿಗೆ ಮದುವೆಯ ದಿನವೂ ಆಡಿರಲಿಲ್ಲ. ತರುವಿಂಗನ ಬಾಯಿಗೆ ಹೂಂ ಬಂತು. ನ್ಯಾರಾಯಿಯ ಬಕೆಟ್ಟು ಕಣ್ಣಿಗೆ ಬಿತ್ತು, ನುಂಗಿಕೊಂಡ.

"ಅಲ್ಲ ಅಂಬುಯಾ. ಇದು ಅಜ್ಜ. ಕೊಂದಿದ್ದು ಇನ್ನೂ ಬದುಕಿದೆ. ನದಿ ದಾರಿ ಬೇಡ."

ಚಾಕುಗಳು ನಿಂತವು. ಜನರ ಮುಖದಲ್ಲಿ ಕಂಡದ್ದು ಹೆದರಿಕೆಯಲ್ಲ, ರೇಗು. ಇವನ ಮಾತು ನಂಬಿದರೆ ಇನ್ನೊಂದು ವರ್ಷ ಗುಡ್ಡ ಹತ್ತಬೇಕು. ಹಬ್ಬದ ದಿನ ಬಂದು ಇಂಥ ಸುದ್ದಿ ಹೇಳುವವನು ಯಾರಿಗೆ ಬೇಕು?

"ಏಯ್, ಸಾಕು ಸುಮ್ನಿರೋ" ಎಂದ ಚಿವೇಶೆ. "ನಿನ್ ನೆಂಟ ಸತ್ತ ಅಂತ ಹೊಟ್ಟೆ ಉರೀತಿದ್ಯಾ?"

ಗ್ಯಾರಿಕ್ ಜೀಪಿಗೆ ಒರಗಿದ್ದವನು ನಿಧಾನಕ್ಕೆ ಮುಂದೆ ಬಂದ. ಸಿಟ್ಟಿಲ್ಲದೆ, ಎಲ್ಲರಿಗೂ ಕೇಳುವಂತೆ ಮಾತಾಡಿದ. "ಇವನ ಕಣ್ಣನ್ನ ನಾನೂ ಮೂವತ್ತು ವರ್ಷ ನಂಬಿದ್ದೆ ಕಣ್ರಪ್ಪ. ಮೊನ್ನೆ ಹುತ್ತದ ಮೇಲೆ ಕೊಡಲಿ ಕಾವಲ್ಲಿ ದಂತದ ಗುರುತು ಮಾಡಿ ನಂಗೇ ಟೋಪಿ ಹಾಕ್ದ. ಸುಳ್ಳಾದ್ರೆ ಇಲ್ಲ ಅನ್ನಲಿ."

"ಮಾಡಿದ್ರಾ?" ಅತ್ತೆ ಕೇಳಿದಳು.

"ಮಾಡಿದೆ ಅಂಬುಯಾ. ಅದನ್ನೇ ಹೊಡೆಸ್ಬೇಕು ಅಂತ..."

ಮುಂದಿನ ಮಾತು ಯಾರಿಗೂ ಬೇಕಿರಲಿಲ್ಲ. ಯಾರೋ ಕಿಸಕ್ಕನೆ ನಕ್ಕರು, ಚಾಕುಗಳು ಮತ್ತೆ ಓಡಿದವು. ಗ್ಯಾರಿಕ್ ಹೋಗುವಾಗ, "ನಾಳೆಯಿಂದ ಬರ್ಬೇಡ" ಎಂದಷ್ಟೇ ಹೇಳಿದ. ಮೂವತ್ತು ವರ್ಷದ ಮಾತು ಒಂದು ಗುಳಿಯಲ್ಲಿ ಹೂತುಹೋಯಿತು. ಅದನ್ನು ತೋಡಿದವನು ತಾನೇ ಎಂಬುದು ಅವನನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು.

ಮಾರನೆಯ ಬೆಳಗ್ಗೆ ನದಿ ದಾರಿ ಶುರುವಾಗುವಲ್ಲಿ ತರುವಿಂಗ ಅಡ್ಡ ನಿಂತಿದ್ದ. ಅತ್ತೆ, ನ್ಯಾರಾಯಿ ಸೇರಿ ಒಂಬತ್ತು ಹೆಂಗಸರು ಬಂದರು. ನಾಲ್ಕು ತಿಂಗಳ ಮೇಲೆ ಹತ್ತಿರದ ನೀರು. ಮಾತೇ ಮಾತು, ನಗುವೇ ನಗು. ಅವನನ್ನು ಕಂಡು ನಗು ನಿಂತಿತು.

"ಅಂಬುಯಾ, ಬನ್ನಿ, ನಾನು ಹೇಳೋದು ಬೇಡ, ನೀವೇ ನೋಡಿ" ಎಂದು ಅವನು ಹತ್ತು ಮಾರು ಮುಂದೆ ಕರೆದುಕೊಂಡು ಹೋದ. ಧೂಳಿನಲ್ಲಿ ಹೆಜ್ಜೆ ಇತ್ತು. ಬೆಳಗಿನ ಜಾವದ್ದು, ಅಂಚಿನ ಪುಡಿಯೂ ಕದಡಿರಲಿಲ್ಲ. ಹಿಂದಿನ ಎಡಗಾಲು, ಅಡ್ಡಕ್ಕೆ ಸೀಳು. ಅವನು ಮಂಡಿಯೂರಿ ಆ ಸೀಳಿನ ಉದ್ದಕ್ಕೂ ಬೆರಳಾಡಿಸಿ ತೋರಿಸಿದ. ಅವನಿಗೆ ಅದು ಹೆಸರು ಬರೆದಷ್ಟು ಸ್ಪಷ್ಟವಾಗಿತ್ತು.

ಮುದುಕಿ ಸೊಂಟ ಬಗ್ಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ, ಕ್ರಮ ಮುರಿದು, ಅವನ ಮುಖವನ್ನೇ ನೋಡಿದಳು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಇದನ್ನೂ ನೀವೇ ಮಾಡಿದ್ರಾ, ಅಳಿಯಂದ್ರೇ?"

ನ್ಯಾರಾಯಿ ಬಕೆಟ್ಟು ತಲೆಗೇರಿಸಿ, ಭಾವನ ಬದಿಯಿಂದ ದಾಟಿ ನಡೆದಳು. ಉಳಿದವರು ಅವಳ ಹಿಂದೆ ನಡೆದರು. ಹೆಜ್ಜೆಯನ್ನು ಒಬ್ಬೊಬ್ಬರೇ ತುಳಿದುಕೊಂಡು ಹೋದದ್ದರಿಂದ ಅದೂ ಉಳಿಯಲಿಲ್ಲ. ತರುವಿಂಗ ಎದ್ದು ಓಡಿ ಅವರೆಲ್ಲರ ಮುಂದೆ ಬಂದ. ಕೈಯಲ್ಲಿ ಏನೂ ಇರಲಿಲ್ಲ. ಹಿಂದೆ ಯಾವ ಕೋವಿಯೂ ಇರಲಿಲ್ಲ. ನೆಲ ನೋಡುತ್ತ ನಡೆದ.

"ಮುಂದೆ ಹೋಗಿ ಇನ್ನೊಂದು ಹೆಜ್ಜೆ ಮಾಡ್ತಾನೇನೋ" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು, ನ್ಯಾರಾಯಿಯೂ ನಕ್ಕಳು.