ಸೋರದ ರೇಡಿಯೇಟರ್

ಬೀದಿಯವರೆಲ್ಲ ಅವನನ್ನು ಸದ್ಯಕ್ಕಪ್ಪ ಎಂದೇ ಕರೆಯುತ್ತಿದ್ದರು. ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವುದು ಅವನ ಕಸುಬು. ಸುಳ್ಳು ಯಾಕೆ ಹೇಳಬೇಕು, ಆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಸ್ವಂತದ್ದು ಅಂತ ಬಂದರೆ ಮುಗಿಯಿತು: ಬಾಗಿಲ ಕೀಲು ಕಳಚಿದರೆ ದಾರ, ನಲ್ಲಿ ತೊಟ್ಟಿಕ್ಕಿದರೆ ಚಿಂದಿ, ಹಲ್ಲು ಹುಳುಕಾದರೆ ಆ ಕಡೆಯಿಂದ ಅಗಿಯದಿದ್ದರಾಯಿತು. ‘ಸದ್ಯಕ್ಕೆ ನಡೆಯುತ್ತೆ ಬಿಡು’ ಅನ್ನುವುದು ಅವನ ಮಂತ್ರ. ಹನ್ನೊಂದು ವರ್ಷ ಅದನ್ನೇ ಕೇಳಿ ಕೇಳಿ ಸಾಕಾದ ಹೆಂಡತಿ, ಮಗಳನ್ನು ಕರೆದುಕೊಂಡು ಗುಡ್ಡದ ಆಚೆಯ ಊರಿಗೆ ಹೋಗಿ ಮನೆ ಮಾಡಿದಳು. ಅದಕ್ಕೂ ಅವನು, ಸದ್ಯಕ್ಕೆ ಹೋಗಿದಾಳೆ, ಅಂದುಕೊಂಡಿದ್ದ. ವಿಚ್ಛೇದನದ ಕಾಗದ ಬಂದಾಗಲೇ ಗೊತ್ತಾಗಿದ್ದು.

ಮಗಳಿಗೆ ಒಂಬತ್ತು ವರ್ಷ. ಹದಿನೈದು ದಿನಕ್ಕೊಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೇರೆಯಾದ ಅಪ್ಪ-ಅಮ್ಮಂದಿರ ಮಕ್ಕಳ ಭೇಟಿಗೆಂದೇ ಆ ಊರಲ್ಲಿದ್ದ ಕಚೇರಿಯಿಂದ ಅವಳನ್ನು ಕರೆದೊಯ್ದು, ಸಂಜೆ ಐದಕ್ಕೆ ತಂದು ಬಿಡಬಹುದು ಎಂದು ಕೋರ್ಟು ಹೇಳಿತ್ತು. ಭಾನುವಾರ ಆ ಕಡೆಗೆ ಮೊದಲ ಬಸ್ಸು ಹೊರಡುವುದೇ ಹನ್ನೊಂದಕ್ಕೆ. ಹಾಗಾಗಿ ಅವನ ಹಳೇ ಕಾರೇ ಗತಿ. ಆ ಕಾರಿನ ರೇಡಿಯೇಟರ್ ಸೋರುತ್ತಿತ್ತು. ದಾರಿಯುದ್ದಕ್ಕೂ ನಿಲ್ಲಿಸಿ, ನೀರು ಹುಡುಕಿ, ಹುಯ್ದು, ಎರಡು ಸಲ ತಡವಾಗಿ ಹೋಗಿದ್ದ. ಎರಡನೆಯ ಸಲ ಕಚೇರಿಯ ಮೇಡಂ ಮುಖ ಗಂಟು ಹಾಕಿಕೊಳ್ಳದೆಯೇ ಹೇಳಿದ್ದರು: “ಇನ್ನೊಂದು ಸಲ ಹೀಗಾದ್ರೆ, ಭೇಟಿ ನಿಲ್ಲಿಸಿ ಅಂತ ನಾನು ಕೋರ್ಟಿಗೆ ಬರೀಬೇಕಾಗುತ್ತೆ. ನನ್ನ ಕೈಲಿಲ್ಲ ಇದು.”

ಆ ಮಾತು ಅವನ ಎದೆಗೆ ನಾಟಿತು. ಮರುದಿನವೇ ಗ್ಯಾರೇಜಿಗೆ ಹೋದ. ಮೆಕ್ಯಾನಿಕ್ ಕಾರಿನ ಕೆಳಗೆ ಮಲಗಿ ನೋಡಿ, ಎದ್ದು ಕೈ ಒರೆಸಿಕೊಂಡ.

“ಅಣ್ಣ, ಇದು ತೇಪೆ ಹಾಕೋ ಕೇಸಲ್ಲ. ಎರಡು ದಿನ ಗಾಡಿ ಬಿಡು. ಬಿಚ್ಚಿ, ಬೆಸುಗೆ ಹಾಕಿ ಕೊಡ್ತೀನಿ.”

“ಎರಡು ದಿನ ಅಂದ್ರೆ ಕಷ್ಟ. ಒಂದು ಸೋಫಾ ಕಾರಿನ ಮೇಲೆ ಕಟ್ಟಿ ಗಿರಾಕಿ ಮನೆಗೆ ಮುಟ್ಟಿಸಬೇಕು. ಸದ್ಯಕ್ಕೆ ಆ ತೂತು ಮುಚ್ಚೋ ಪುಡಿ ಹಾಕಿದ್ರೆ ಸೋರೋದು ನಿಲ್ಲಲ್ವಾ?”

“ನಿಲ್ಲುತ್ತೆ. ಒಂದೇ ಪೊಟ್ಟಣ ಹಾಕು, ಜಾಸ್ತಿ ಬೇಡ. ಅದು ತೂತಿಗೂ ಹೋಗುತ್ತೆ, ಒಳಗಿನ ಸಣ್ಣ ಕೊಳವೆಗೂ ಹೋಗುತ್ತೆ. ಯಾವುದು ತೂತು, ಯಾವುದು ನೀರಿನ ದಾರಿ ಅಂತ ಪುಡಿಗೆ ಗೊತ್ತಾಗಲ್ಲ.”

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಒಂದು ಪೊಟ್ಟಣ ಹಾಕಿದ. ರಾತ್ರಿ ಕಾರಿನ ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಬೆಳಿಗ್ಗೆ ನಾಲ್ಕು ಹನಿ. ಇನ್ನೊಂದು ಹಾಕಿದ. ಒಂದು ಹನಿ. ಮಗಳ ವಿಷಯ, ಚೌಕಾಸಿ ಮಾಡಬಾರದು ಎಂದು ಮೂರನೆಯದನ್ನೂ ಸುರಿದ. ರಟ್ಟು ಒಣಗಿಕೊಂಡೇ ಇತ್ತು. ವಾರವಿಡೀ ಬೀದಿಯಲ್ಲಿ ಸಿಕ್ಕಿದವರನ್ನೆಲ್ಲ ಕರೆದು ಆ ರಟ್ಟು ತೋರಿಸಿದ. ಎದುರು ಮನೆಯ ಅಜ್ಜಿಗೂ ತೋರಿಸಿದ. ಪಾಪ, ಆಕೆಗೆ ರಟ್ಟಿನಲ್ಲಿ ಏನು ನೋಡಬೇಕೆಂದೇ ತಿಳಿಯಲಿಲ್ಲ.

ಮಗಳೆಂದರೆ ಅವನಿಗೆ ಪ್ರಾಣ. ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ಗಿರಾಕಿಯೊಬ್ಬರ ಸೋಫಾಗೆ ತಂದ ಹಳದಿ ಮಖಮಲ್ಲಿನಲ್ಲಿ ಉಳಿದದ್ದನ್ನು ಕೂಡಿಸಿ, ಹೊಲಿಗೆ ಕಾಣದ ಹಾಗೆ ಕಾರಿನ ಹಿಂದಿನ ಸೀಟಿಗೆ ಹೊದಿಸಿದ್ದ. ಆ ಸೀಟಿನ ಮೇಲೆ ಅವಳು ಕುಣಿಯುವುದನ್ನು ನೆನೆದು ಒಬ್ಬನೇ ನಗುತ್ತಿದ್ದ.

ಭಾನುವಾರ ಏಳೂವರೆಗೇ ಹೊರಟ. ಒಂದೂವರೆ ಗಂಟೆಯ ದಾರಿ. ಗುಡ್ಡದ ಏರು ಶುರುವಾದಾಗ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಏರಿ ಕೆಂಪು ಗೆರೆ ಮುಟ್ಟಿತು. ಗಾಡಿ ನಿಲ್ಲಿಸಿ, ಡಾಂಬರಿನ ಮೇಲೆ ಮಂಡಿಯೂರಿ ಕೆಳಗೆ ಇಣುಕಿದ. ಒಂದು ಹನಿಯೂ ಇಲ್ಲ. ‘ಮುಳ್ಳೇ ಕೆಟ್ಟಿರಬೇಕು’ ಎಂದುಕೊಂಡು ಮತ್ತೆ ಹತ್ತಿ ಹೊರಟ. ಏನು ಹೇಳುವುದು ಇಂಥವನಿಗೆ! ಸೋರುವಾಗ ಮೈಲಿಗೊಮ್ಮೆ ನಿಲ್ಲಿಸಿ ಬಾನೆಟ್ ಎತ್ತುತ್ತಿದ್ದ ಮನುಷ್ಯ, ಸೋರುವುದು ನಿಂತ ಮೇಲೆ ಒಂದು ಸಲವೂ ಎತ್ತಿ ನೋಡಲಿಲ್ಲ.

ನಾಲ್ಕು ತಿರುವು ದಾಟುವಷ್ಟರಲ್ಲಿ ಎಂಜಿನ್ ಕಟಕಟ ಅಂದು, ಒಮ್ಮೆ ಜೋರಾಗಿ ನಡುಗಿ, ನಿಂತೇ ಹೋಯಿತು. ಕೀಲಿ ತಿರುಗಿಸಿದರೆ ಹೂಂ ಇಲ್ಲ, ಉಹೂಂ ಇಲ್ಲ. ಟವೆಲ್ಲು ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಹಬೆ ನುಗ್ಗಿ ಮೊಣಕೈವರೆಗೆ ಸುಟ್ಟಿತು. ನೋವಿಗೆ ಕಣ್ಣು ಕತ್ತಲೆ ಬಂತು. ಸಾವರಿಸಿಕೊಂಡು ನೋಡಿದರೆ, ಬಾಯಿಯ ಸುತ್ತ ಕಂದು ಬಣ್ಣದ ಅಂಬಲಿಯಂಥ ರಾಡಿ. ಒಳಗಿನ ಕೊಳವೆಗಳೆಲ್ಲ ಕಟ್ಟಿಕೊಂಡಿದ್ದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಗುಡ್ಡದಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಐದಾರು ಗಾಡಿಗಳು ಅವನು ಬೀಸಿದ ಕೈ ನೋಡಿಯೂ ಹೋದವು. ಕೊನೆಗೆ ಮೊಟ್ಟೆ ಸಾಗಿಸುವ ವ್ಯಾನಿನವನೊಬ್ಬ ಹತ್ತಿಸಿಕೊಂಡ. ಮೊಟ್ಟೆ ಒಡೆಯಬಾರದಲ್ಲ, ಬಸವನ ಹುಳು ಹರಿದ ಹಾಗೆ ಹೊಡೆದ. ಇಳಿಜಾರಿನಲ್ಲಿ ಸಿಗ್ನಲ್ ಬಂದ ಕೂಡಲೇ ಕಚೇರಿಗೆ ಫೋನು ಮಾಡಿದ. ಮೇಡಂ, “ಬನ್ನಿ, ಮಾತಾಡೋಣ” ಅಂದರು. ಬನ್ನಿ ಅಂದರಲ್ಲ ಎಂದು ಅವನ ಜೀವ ಸ್ವಲ್ಪ ತಣ್ಣಗಾಯಿತು.

ತಲುಪಿದಾಗ ಹನ್ನೊಂದು ಹೊಡೆದಿತ್ತು. ಮಗಳು ಕಾಯುತ್ತ ಕೂರುತ್ತಿದ್ದ ಗೋಡೆ ಪಕ್ಕದ ಬೆಂಚು ಖಾಲಿ. ಮೇಡಂ ಅವನ ಕೈ ನೋಡಿ, ಮೊದಲು ಒಳಗಿನ ಸಿಂಕಿನ ಹತ್ತಿರ ಕರೆದೊಯ್ದು ತಣ್ಣೀರು ಬಿಟ್ಟರು. ನೀರಿನ ಕೆಳಗೆ ಕೈಯಿಟ್ಟುಕೊಂಡೇ ಅವನು ಒಂದೇ ಉಸಿರಿಗೆ ಪುಡಿ, ಮುಳ್ಳು, ಮೊಟ್ಟೆ ವ್ಯಾನು ಎಲ್ಲ ಹೇಳಿದ. ಅವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

“ಅವಳಮ್ಮ ಕರ್ಕೊಂಡು ಹೋದ್ರಾ?” ಅಂತ ಕೇಳಿದ.

“ಅವರಮ್ಮ ಇನ್ನೂ ಸ್ವಲ್ಪ ನೋಡೋಣ ಅಂತಾನೇ ಇದ್ರು. ಹತ್ತೂವರೆಗೆ ಮಗುನೇ ಎದ್ದು ನನ್ನ ಟೇಬಲ್ ಹತ್ರ ಬಂದಳು.”

“ಏನಂದ್ಲು?”

ಮೇಡಂ ನಲ್ಲಿ ನಿಲ್ಲಿಸಿದರು. “ಅವಳು ಹೇಳಿದ್ದನ್ನ ಕೋರ್ಟಿಗೆ ಕಳಿಸೋಕೆ ಹಾಗೇ ಬರ್ಕೊಂಡಿದೀನಿ. ‘ಅಪ್ಪ ಬಂದ್ರೆ ನಂಗೆ ಖುಷಿ. ಆದ್ರೆ ಇನ್ಮೇಲೆ ಕಾಯೋಕಾಗಲ್ಲ ಆಂಟಿ. ಹೊಟ್ಟೆನೋವು ಬರುತ್ತೆ’ ಅಂದಳು. ಹಿಂದಿನ ರಾತ್ರಿಯಿಂದಲೇ ಶುರುವಾಗುತ್ತಂತೆ.”

ಅವನ ಸುಟ್ಟ ಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳ ಅಮ್ಮ ತಡೆದಿದ್ದರೆ ಬೈಯಬಹುದಿತ್ತು, ಕೋರ್ಟು ತಡೆದಿದ್ದರೆ ಕಾಲು ಹಿಡಿಯಬಹುದಿತ್ತು.

“ಹೊಸ ರೇಡಿಯೇಟರ್ ಹಾಕಿಸ್ತೀನಿ ಮೇಡಂ,” ಅಂದ. “ಇಲ್ಲ, ಈ ಊರಲ್ಲೇ ಮನೆ ಮಾಡ್ತೀನಿ. ಭೇಟಿಗೆ ಮತ್ತೆ ಅರ್ಜಿ ಹಾಕಬಹುದಲ್ವಾ?”

“ಹಾಕಬಹುದು,” ಅಂದರು ಮೇಡಂ. “ಆದ್ರೆ ಕೋರ್ಟಿನವರೂ ಅವಳನ್ನೇ ಕೇಳ್ತಾರೆ.”