ಕೆಂಪು ನೂಲಿನ ಕರು

ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ನನ್ನ ತಮ್ಮ ಮುತ್ತಣ್ಣನಿಗೆ ನಾನೊಬ್ಬಳೇ ಅಕ್ಕ. ಆದರೆ ಗಂಡ ಸತ್ತವಳು ಹೆಸರು ಕರೆಯುವಂತಿಲ್ಲ.

“ನಿಮ್ಮ ಕಾಕಾನ ಮಗಳು ಕಳಕವ್ವ ಕರೀತಾಳ,” ಅಂದಳು ಅವ್ವ, ನನ್ನ ಮುಖ ನೋಡದೆ. “ನೀ ಕೂಸಿಗೆ ಒಂದು ಗೊಂಬಿ ಹೆಣಿ. ಹಾಸ್ಟೆಲಿನ್ಯಾಗ ಕಲ್ತೀಯಲ್ಲ, ಅದು ಕ್ರೋಶಾ. ಅದೂ ಸೋದರತ್ತಿ ಕೈಯಿಂದನ ಆದಂಗ ಆತು.”

ಆ ಸಂಜೆ ನರಗುಂದದಿಂದ ಮುತ್ತಣ್ಣನ ಫೋನ್ ಬಂತು. ಅವನ ಹೆಂಡತಿ ರೇಷ್ಮಾಳ ತವರು ಅಲ್ಲಿ. ಬಾಣಂತನವೂ ಅಲ್ಲೇ. ತೊಟ್ಟಿಲು ತಡವಾಗಿ, ಕೂಸಿಗೆ ಆಗಲೇ ಐದನೇ ತಿಂಗಳು.

“ಅಕ್ಕಾ, ಕಣ್ಣಿಗೆ ಗುಂಡಿ ಗಿಂಡಿ ಹಚ್ಚಬ್ಯಾಡ. ಕೂಸು ಬಾಯಾಗ ಹಾಕ್ಕೋತೈತಿ, ಗಂಟಲದಾಗ ಸಿಕ್ಕೊಂಡ್ರ ಮುಗೀತು. ಸ್ವಲ್ಪ ಜ್ವಾಕಿ.”

ಜ್ವಾಕಿ ಅಂದವನು ಅವನು. ಹೋದ ವರ್ಷ ಗಜೇಂದ್ರಗಡದ ಇಳಿಜಾರಿನಲ್ಲಿ ಒಂದು ಕೈಯಲ್ಲಿ ಫೋನ್ ಹಿಡಿದು ಬೈಕ್ ಓಡಿಸಿದವನೂ ಅವನೇ. ಹಿಂದೆ ಕೂತಿದ್ದ ನನ್ನ ಗಂಡ ಮೈಲಾರಪ್ಪ ಅಲ್ಲೇ ಸತ್ತ. ದವಾಖಾನೆಯಲ್ಲಿ ಮುತ್ತಣ್ಣ ನನ್ನ ಕೈ ಹಿಡಿದು, “ಗಾಡಿ ನಾ ಹೊಡೀತಿದ್ದೆ ಅಕ್ಕಾ, ಫೋನ್ ಬಂತು” ಅಂದಿದ್ದ. ಪೊಲೀಸರು ಬಂದಾಗ, “ಮಾಮಾ ಹೊಡೀತಿದ್ದ, ಬ್ಯಾಡಂದ್ರೂ ಕೇಳಲಿಲ್ಲ” ಅಂದ. ಈಗ ನಮ್ಮ ಮುಶಿಗೇರಿಯಲ್ಲೂ ಗಂಡನ ಊರು ಮೆಣಸಗಿಯಲ್ಲೂ ಅದೇ ಮಾತು: ಮೈಲಾರಪ್ಪ ಆತುರಗೇಡಿ, ತಾನು ಸತ್ತಿದ್ದಲ್ಲದೆ ಹೆಂಡತಿಯ ತಮ್ಮನನ್ನೂ ಕೊಲ್ಲುತ್ತಿದ್ದ. ಅವನ ತಾಯಿ ಕೂಡ ಹಾಗೇ ನಂಬಿದ್ದಾಳೆ.

ದವಾಖಾನೆಯ ಮಾತನ್ನು ಅವ್ವನಿಗೆ ಹೇಳಿದ್ದೆ. “ಪೆಟ್ಟು ಬಿದ್ದ ಹುಡುಗ, ಏನೋ ಬಡಬಡಿಸ್ಯಾನ,” ಅಂದಳು. “ಇದ್ದಾವನ ಸಂಸಾರ ಹಾಳ ಮಾಡಬ್ಯಾಡ.”

ನನಗೆ ಬೇಕಾದದ್ದು ಒಂದೇ. ಅವನು ಅದನ್ನು ಜನರ ಮುಂದೆ ಹೇಳಬೇಕು. ಹೇಳುವವರೆಗೆ ಅವನು ನೆಮ್ಮದಿಯಿಂದ ಉಣ್ಣಬಾರದು, ಮಲಗಬಾರದು.

ಗಜೇಂದ್ರಗಡದ ಅಂಗಡಿಯಿಂದ ಕೆಂಪು ಹತ್ತಿ ನೂಲು ತಂದೆ. ಬಣ್ಣ ಬಿಡುತ್ತದೋ ಎಂದು ಬಿಸಿನೀರಲ್ಲಿ ಅದ್ದಿ ನೋಡಿದೆ. ಕರು ಮಾಡುವುದೆಂದು ಗೊತ್ತುಮಾಡಿಕೊಂಡೆ. ಕೊಕ್ಕೆ ಎಷ್ಟು ಸಣ್ಣದಿದ್ದರೆ ಹೆಣಿಗೆ ಅಷ್ಟು ಬಿಗಿ. ಬೆರಳು ತೂರದಷ್ಟು ಬಿಗಿ ಮಾಡಿದರೆ ಒಳಗಿನ ಅರಳೆ ಹೊರಗೆ ಇಣುಕುವುದಿಲ್ಲ. ಕಾಲುಗಳನ್ನು ಬೇರೆ ಮಾಡಿ ಹೊಲಿಯಲಿಲ್ಲ, ಹೊಟ್ಟೆಯಿಂದಲೇ ಮುಂದುವರಿಸಿದೆ. ಕಿತ್ತು ಬರಲು ಏನೂ ಇರಲಿಲ್ಲ. ಕೂಸಿನ ಮೇಲೆ ನನಗೆ ಸಿಟ್ಟಿಲ್ಲ.

ಕಣ್ಣು ಉಳಿದಿತ್ತು. ಅವತ್ತು ಮೈಲಾರಪ್ಪನ ಹಳೆಯ ಅಂಗಿಯೊಂದನ್ನು ಬಿಚ್ಚಿ ಒರೆಸುವ ಬಟ್ಟೆ ಮಾಡುತ್ತಿದ್ದೆ. ಅದರ ಗುಂಡಿಗಳು ಕರುವಿನ ಪಕ್ಕದಲ್ಲೇ ಬಿದ್ದಿದ್ದವು. ಅವ್ವ ಚಹಾ ತಂದವಳು ಬಾಗಿಲಲ್ಲೇ ನಿಂತಳು.

“ಇವು ಯಾಕ?”

“ಯಾಕಂದ್ರ?”

ಬಟ್ಟಲು ಇಟ್ಟವಳೇ ಅವಳು ಗುಂಡಿಗಳನ್ನು ಕರುವಿನಿಂದ ದೂರ ಸರಿಸಿದಳು. ಆಗ ನನಗೆ ತಿಳಿಯಿತು: ಅವ್ವ ನನಗೆ ಹೆದರುತ್ತಾಳೆ. ಮಗ ಬಡಬಡಿಸಿದ್ದೇ ಆಗಿದ್ದರೆ ಹೆದರುವುದು ಯಾಕೆ?

ಗುಂಡಿ ತೆಗೆದಿಟ್ಟೆ. ಕಣ್ಣುಗಳನ್ನು ಕಪ್ಪು ದಾರದಲ್ಲಿ ಕಸೂತಿ ಹಾಕಿ ಗಂಟನ್ನು ಒಳಗೆ ಎಳೆದುಕೊಂಡೆ. ಗುಂಡಿ ಎಲ್ಲಿ ಹೋದವು ಎಂದು ಅವ್ವನಿಗೆ ಹೇಳಲಿಲ್ಲ. ಅಡುಗೆಮನೆಯಲ್ಲಿ ಅವಳು ಕರುವನ್ನು ಹಿಚುಕಿ ನೋಡುವುದನ್ನೂ, ಕಿವಿ ಎಳೆಯುವುದನ್ನೂ ನೋಡಿದೆ. ಆಮೇಲೆ ಹಿತ್ತಲಿಗೆ ಹೋಗಿ ಫೋನಿನಲ್ಲಿ ಮುತ್ತಣ್ಣನಿಗೆ ಪಿಸುಗುಟ್ಟಿದಳು: “ಗುಂಡಿ ಮ್ಯಾಲ ಕಾಣವಲ್ಲವು. ಒಳಗ ಏನೈತೋ ಯಾರಿಗ್ಗೊತ್ತು.” ನನ್ನನ್ನೇ ಕೇಳಬಹುದಿತ್ತು. ಕೇಳಬೇಕಾದರೆ ಯಾಕೆ ಅನುಮಾನ ಎಂದೂ ಹೇಳಬೇಕಿತ್ತು.

ಹೆದರಲಿ, ಅಂದುಕೊಂಡೆ. ಇಬ್ಬರೂ ಹೆದರಲಿ.

ನರಗುಂದದ ಮನೆ ತುಂಬಾ ಹೆಂಗಸರು. ನಾನು ಗೋಡೆಗೆ ಒರಗಿ ಕುಳಿತೆ. ಕಳಕವ್ವ ಕೂಸಿನ ಕಿವಿಗೆ ಬಾಯಿಟ್ಟು ‘ಕುರ್ರ್’ ಅಂದು ಹೆಸರು ಕರೆದಳು. ಉಳಿದವರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು.

“ಏ, ಮೆಲ್ಲಕ ಗುದ್ದ್ರೇ, ನನ್ನ ಬೆನ್ನೇನು ಕಣದ ನೆಲಾ ಅಂತ ತಿಳದೀರೇನು!”

ಎಲ್ಲರೂ ನಕ್ಕರು. ರೇಷ್ಮಾಳ ಅಜ್ಜಿ ಅಡಿವೆವ್ವ ಕರುವನ್ನು ಎತ್ತಿ ತೋರಿಸಿದಳು. “ನೋಡ್ರೆವಾ, ಎಷ್ಟ ಚಂದ ಹೆಣದಾಳ. ಮಾರಿ ಮಾತ್ರ ನಮ್ಮ ಅಳಿಯಾನಂಗ ಐತಿ.”

ಅವಳು ಅದನ್ನು ತೊಟ್ಟಿಲಲ್ಲಿ ಇಟ್ಟಳು. ಕೂಸು ಕಿವಿ ಹಿಡಿದು ಬಾಯಿಗೆ ತಂದುಕೊಂಡಿತು.

ಮುತ್ತಣ್ಣ ಹೆಂಗಸರ ನಡುವೆ ನುಗ್ಗಿ ಅದನ್ನು ಕಸಿದುಕೊಂಡ. ಕೂಸು ಚೀರಿತು. ಅವನು ಎಲೆ ಅಡಿಕೆ ತಟ್ಟೆಯಲ್ಲಿದ್ದ ಅಡಕತ್ತರಿಯಿಂದ ಕರುವಿನ ಹೊಟ್ಟೆ ಸೀಳಿದ. ಅರಳೆಯನ್ನೆಲ್ಲ ಹೊರಗೆಳೆದು ಬೆರಳಿನಿಂದ ಹಿಂಜಿದ. ಕಾಲೊಳಗೆ ನೋಡಿದ, ತಲೆಯೊಳಗೆ ನೋಡಿದ. ಅರಳೆ ಬಿಟ್ಟು ಬೇರೇನೂ ಇರಲಿಲ್ಲ.



“ಏನ ಹುಡುಕಾಕತ್ತೀಯೋ?” ಅಂದಳು ಅಡಿವೆವ್ವ.

“ಒಳಗ... ಗುಂಡಿ ಇಟ್ಟಾಳ ಅಂತ...”

“ಕೂಸು ನುಂಗಲಿ ಅಂತೇನು? ಸ್ವಂತ ಅಕ್ಕ? ಹಂಗ ಯಾಕ ಮಾಡ್ತಾಳೋ ಆಕಿ? ಏನ ಮಾಡೀ ನೀ ಆಕಿಗೆ?”

ಮುತ್ತಣ್ಣ ಅವ್ವನ ಕಡೆ ನೋಡಿದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನನ್ನ ಕಡೆ ನೋಡಿದ. ನಾನೂ ನೋಡಿದೆ.

ರೇಷ್ಮಾ ಕೂಸನ್ನು ಎದೆಗೆ ಹಾಕಿಕೊಂಡು ಎದ್ದಳು. “ಹೇಳ್ರಿ. ಹೇಳೂತನಾ ನನ್ನ ಕೂಸು ನಿಮ್ಮ ಕೈಗೆ ಕೊಡಂಗಿಲ್ಲ.”

“ಏ, ಒಳಗ ನಡಿ, ಹೇಳ್ತೀನಿ.”

“ಇಲ್ಲೇ ಹೇಳ್ರಿ.”

ಅವನು ಅಲ್ಲೇ ಕುಳಿತ. ಮಡಿಲ ತುಂಬಾ ಅರಳೆ. ತುಟಿ ಅಲ್ಲಾಡಿತು. ಹತ್ತಿರ ಇದ್ದವರಿಗೆ ಮಾತ್ರ ಕೇಳಿತು: “ಅವತ್ತ ಗಾಡಿ... ಮಾಮಾ ಅಲ್ಲ. ನಾ ಹೊಡೀತಿದ್ದೆ.”

ಅವ್ವ ಅಳುತ್ತಾ ನನ್ನ ತೋಳು ಹಿಡಿದಳು. “ಅಂದನಲ್ಲವಾ. ಸಾಕ ಮಾಡು.”

“ಇಷ್ಟು ಮೆಲ್ಲಕ ದವಾಖಾನ್ಯಾಗೂ ಅಂದಿದ್ದ,” ಅಂದೆ. ಅವಳ ಕೈ ಬಿಡಿಸಿಕೊಂಡೆ. ನನ್ನ ಫೋನಿನಲ್ಲಿ ಮೆಣಸಗಿಯ ನಂಬರ್ ಒತ್ತಿದೆ. ಮೈಲಾರಪ್ಪನ ತಾಯಿ ಎತ್ತಿದಳು. ಫೋನನ್ನು ಮುತ್ತಣ್ಣನ ಬಾಯಿಯ ಮುಂದೆ ಹಿಡಿದೆ.

“ಎದ್ದು ನಿಲ್ಲು,” ಅಂದೆ. “ಜೋರಾಗಿ ಹೇಳು.”