ಮಂತ್ರಿಗೆ ಮಾತಿಲ್ಲ

ಒನ್ಸ್ ಮೋರ್ ಅಂತಿದ್ದಾರೆ, ಹಿಂದಿನ ಸಾಲಿನಲ್ಲಿ ಶುರುವಾಗಿ ಮುಂದಕ್ಕೆ ಬಂತು, ಸಿಳ್ಳೆ ಬೇರೆ, ಗುಬ್ಬಿಯಿಂದ ಬಾಡಿಗೆಗೆ ತಂದ ರುಮಾಲಿನೊಳಗಿಂದ ಬೆವರು ಕಿವಿಯ ಹಿಂದೆ ಇಳಿಯುತ್ತಿದೆ, ನಮ್ಮ ಕೊತ್ತಗೆರೆಯಲ್ಲಿ ಒನ್ಸ್ ಮೋರ್ ಅಂದರೆ ಮತ್ತೆ ಆಡಲೇಬೇಕು, ಸತ್ತ ಪಾತ್ರವೂ ಎದ್ದು ಬಂದು ಇನ್ನೊಮ್ಮೆ ಸಾಯಬೇಕು, ಆ ಪದ್ಧತಿಯನ್ನು ತುಮಕೂರಿನ ಈ ಹಾಲ್‌ಗೆ, ಫ್ಯಾಕ್ಟರಿ ವಾರ್ಷಿಕೋತ್ಸವಕ್ಕೆ ತಂದ ಘನಂದಾರಿ ನಾನೇ, ಜನ ಕೇಳಿದ್ರೆ ಇಲ್ಲ ಅನ್ಬಾರ್ದು ಸಾರ್ ಅಂತ ರಿಹರ್ಸಲ್‌ನಲ್ಲಿ ಜಂಬ ಕೊಚ್ಚಿದ್ದೆ. ಆದರೆ ಊರಲ್ಲಿ ಜನ ಕೇಳುತ್ತಿದ್ದದ್ದು ಅಪ್ಪನ ಮಂತ್ರಿ ಪಾತ್ರಕ್ಕೆ — ನೇಕಾರ ಹೆಂಗಸು ಯುವರಾಜನ ಮೇಲೆ ದೂರು ತರುತ್ತಾಳೆ, ಸಭೆಗೆ ಸಭೆಯೇ ತಲೆ ತಗ್ಗಿಸುತ್ತದೆ, ಮಂತ್ರಿಯೊಬ್ಬ ಪೀಠ ಬಿಟ್ಟೆದ್ದು ನಾನು ಕಂಡಿದ್ದೇನೆ ಮಹಾಪ್ರಭು ಅನ್ನುತ್ತಾನೆ. ಆ ಹಳೇ ನಾಟಕದ ಕಥೆಯನ್ನು ಎಚ್‌ಆರ್ ಅಂಜನ್‌ಕುಮಾರ್ ಮಾಡರ್ನ್ ಮಾಡಿದ್ದಾನೆ, ಅರಮನೆ ಹೋಗಿ ಆಫೀಸು, ಯುವರಾಜ ಹೋಗಿ ಓನರ್ ಮಗ, ಮಂತ್ರಿ ಮಾತ್ರ ರುಮಾಲಲ್ಲೇ ಇರ್ಲಿ ಗಂಗಾಧರ್, ಕಾಮಿಡಿ ಆಗುತ್ತೆ, ಡೈಲಾಗ್ ಬೇಡ, ಈಗಿನ ಕಾಲದಲ್ಲಿ ಯಾರ್ ಎದ್ದು ಹೇಳ್ತಾರೆ, ನೀವೇ ಹೇಳಿ ನೋಡಣ ಅಂದ. ನಾನು ನಕ್ಕೆ. ನಗಬಾರದಿತ್ತು.

ಗುರುವಾರ ಇದೇ ಅಂಜನ್‌ಕುಮಾರ್ ವಿಚಾರಣೆಯ ಮೇಜಿನ ಆಚೆ ಕೂತಿದ್ದ, ಈಚೆ ಪ್ಯಾಕಿಂಗ್ ಸೆಕ್ಷನ್ನಿನ ಸಿದ್ರಾ, ಅವಳು ಬರೆದುಕೊಟ್ಟ ದೂರು — ಸೂಪರ್‌ವೈಸರ್ ನನ್ನ ದುಪ್ಪಟ್ಟಾ ಎಳೆದು ಕೈ ಒರೆಸಿಕೊಂಡರು, ಎಲ್ಲರೂ ನಕ್ಕರು, ಹಾಜರಿ ಪುಸ್ತಕ ಹಿಡಿದು ಗಂಗಾಧರ್ ಸರ್ ಬಾಗಿಲಲ್ಲೇ ನಿಂತಿದ್ದರು. ನಿಂತಿದ್ದೆ. ಹಳದಿ ಬಟ್ಟೆಯ ಮೇಲೆ ಗ್ರೀಸಿನ ನಾಲ್ಕು ಬೆರಳು ಮೂಡಿದ್ದನ್ನೂ ನೋಡಿದೆ. ನೀವ್ ನೋಡಿದ್ರಾ ಗಂಗಾಧರ್? ಇಲ್ಲ ಸಾರ್, ನಾನ್ ಪುಸ್ತಕ ನೋಡ್ತಿದ್ದೆ. ಹೆದರಿಕೆ, ಅಷ್ಟೆ, ಕಾಂಟ್ರಾಕ್ಟ್ ಮಾರ್ಚಿಗೆ ಮುಗಿಯುತ್ತದೆ, ಇದಕ್ಕಿಂತ ಮರ್ಯಾದಸ್ಥ ಕಾರಣ ಹುಡುಕಿದೆ, ಸಿಗಲಿಲ್ಲ. ಸಿದ್ರಾ ನನ್ನ ಕಡೆ ತಿರುಗಿ ಅಂಕಲ್ ಅಂದಳು, ಅಷ್ಟೇ ಅಂದಳು. ನಾಳೆ ವರದಿ, ಸುಳ್ಳು ದೂರು ಅಂತಾದರೆ ಕೆಲಸದಿಂದ ತೆಗೆಯುವುದು ಅವಳನ್ನೇ, ನಾನು ಇವತ್ತು ಬಾಯಿ ಬಿಟ್ಟರೂ ತಡವಲ್ಲ.

ಈಗ ಸಿದ್ರಾ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಅವಳಮ್ಮ ರೋಷನ್ ಬೀ ಪಕ್ಕದಲ್ಲಿ, ಯಾಕಾದರೂ ಬಂದಳೋ, ಅಂಜನ್‌ಕುಮಾರ್ ದುಪ್ಪಟ್ಟಾವನ್ನೂ ಬಿಡದೆ ನಾಟಕಕ್ಕೆ ಹಾಕಿದ್ದಾನೆ — ಇಗೋ ಮತ್ತೆ ಶುರು, ಅಕೌಂಟ್ಸಿನ ಕೃತಿಕಾ ನೇಕಾರ ಹೆಂಗಸಾಗಿ ಬಂದಳು, ಸಭೆಯಲ್ಲಿ ನೋಡಿದವರು ಯಾರೂ ಇಲ್ಲವೇ ಅಂತ ಕೇಳಿದಳು, ಓನರ್ ಮಗನ ಪಾತ್ರದವನು ಅವಳ ದುಪ್ಪಟ್ಟಾ ಎಳೆದು ಮೂಗು ಒರೆಸಿಕೊಂಡ, ಈಗ ನಾನು ರುಮಾಲನ್ನು ಕಣ್ಣಿನ ಮೇಲೆ ಎಳೆದುಕೊಂಡು ಗೊರಕೆ ಹೊಡೆಯಬೇಕು, ನನ್ನ ಪಾರ್ಟು ಇಷ್ಟೇ, ಆದರೆ ಅಪ್ಪನ ಮಾತು ನನಗೆ ಬಾಯಿಪಾಠ, ಮೈಕು ಎದೆಯ ಮೇಲೇ ಇದೆ, ಏಳು ಗಂಗಾಧರ, ಎದ್ದು ನಾನು ಕಂಡಿದ್ದೇನೆ ಅಂತ ಎರಡು ಮಾತು ಹೇಳು, ನಾಟಕ ಅಂತಲಾದರೂ ಹೇಳು — ಕೈ ತಾನಾಗಿ ರುಮಾಲಿಗೆ ಹೋಯಿತು, ಎಳೆದುಕೊಂಡೆ, ಗೊರಕೆ ಹೊಡೆದೆ, ನನ್ನ ಗೊರಕೆ ಸ್ಪೀಕರಿನಲ್ಲಿ ಹಾಲ್ ತುಂಬ ಕೇಳಿತು, ಜನ ಬಿದ್ದು ಬಿದ್ದು ನಗುತ್ತಿದ್ದಾರೆ, ನಾಚಿಕೆಯಿಂದ ಮೈಯೆಲ್ಲ ಸುಡುತ್ತಿದೆ, ಅಂಜನ್‌ಕುಮಾರ್ ಪರದೆಯ ಸಂದಿಯಿಂದ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಾನೆ, ಸೂಪರ್ ಗಂಗಾಧರ್, ಇನ್ನೊಂದ್ ಸಲ. ರುಮಾಲಿನ ಅಂಚಿನ ಕೆಳಗಿಂದ ಮೂರನೇ ಸಾಲು ಕಾಣುತ್ತದೆ, ರೋಷನ್ ಬೀ ಮಗಳ ಕೈ ಹಿಡಿದು ಜಗ್ಗುತ್ತಿದ್ದಾರೆ, ಸಿದ್ರಾ ಎದ್ದು ನಿಂತಿದ್ದಾಳೆ, ಹೊರಗೆ ಹೋಗುತ್ತಾಳೆ ಅಂದುಕೊಂಡೆ, ಹೋಗುತ್ತಿಲ್ಲ, ನನ್ನನ್ನೇ ನೋಡುತ್ತಾ ನಿಂತಿದ್ದಾಳೆ, ಹಿಂದಿನಿಂದ ಯಾರೋ ಕೂಗಿದರು, ಏಯ್ ಕೂತ್ಕೊಳಮ್ಮಾ, ನಮ್ಗೆ ನಾಟ್ಕ ಕಾಣ್ಸಲ್ಲ — ಅವಳು ಕೂರುತ್ತಿಲ್ಲ, ನಿಂತಿದ್ದಾಳೆ, ಇಡೀ ಹಾಲ್‌ನಲ್ಲಿ ಅವಳೊಬ್ಬಳೇ, ನಿಂತಿದ್ದಾಳೆ.